ಪದಚರ್ಚೆ: ‘ಫ್ರೇಲ್ಟಿ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಆಸ್ಪತ್ರೆಗೆ ಸೇರಿದ ವಯಸ್ಸಾದವರ ಬಗ್ಗೆ ನಡೆಯುವ ನರ್ಸಿಂಗ್ ಸಂಶೋಧನೆಯಲ್ಲಿ ‘ಫ್ರೇಲ್ಟಿ’ ಅನ್ನುವ ಮಾತು ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಕನ್ನಡದಲ್ಲಿ ಬರೆಯುವಾಗ ಇದಕ್ಕೆ ಒಪ್ಪುವ ಪದ ಯಾವುದು? ಸಾಮಾನ್ಯವಾಗಿ ‘ದೌರ್ಬಲ್ಯ’ ಅಂತ ಹಾಕಿಬಿಡುತ್ತಾರೆ. ನನಗದು ಸರಿಕಾಣುತ್ತಿಲ್ಲ. ಮಾತು ತಡೆಯಲಾರದವನ ಚಟಕ್ಕೂ ‘ದೌರ್ಬಲ್ಯ’ ಅಂತಲೇ ಅನ್ನುತ್ತಾರೆ. ಗೋಡೆ ಜಾಹೀರಾತಿನ ‘ನರದೌರ್ಬಲ್ಯ’ದ ವಿಷಯ ಬೇಡವೇ ಬೇಡ.

ಅರ್ಥ ಹೀಗಿದೆ. ಎಲ್ಲರ ಮೈಯಲ್ಲೂ ಕಷ್ಟಕ್ಕೆಂದು ಒಂದಿಷ್ಟು ಮಿಗಿಲು ಶಕ್ತಿ ಇರುತ್ತದೆ. ಜ್ವರ ಬಂದಾಗ, ಊಟ ಸೇರದಿದ್ದಾಗ ಅದೇ ಕಾಯುತ್ತದೆ. ಅದು ಕರಗುತ್ತಾ ಬಂದರೆ ಸಣ್ಣ ಪೆಟ್ಟನ್ನೂ ಮೈ ತಡೆಯುವುದಿಲ್ಲ. ಮೂತ್ರದ ಸೋಂಕು ಅಂತ ಸೇರಿದ ಅಜ್ಜಿಯೊಬ್ಬರಿಗೆ ಮೂರನೇ ದಿನ ಮಂಚದಿಂದ ಎದ್ದು ಬಾತ್‌ರೂಮಿಗೆ ಹೋಗಲು ಆಗುವುದಿಲ್ಲ. ಪಕ್ಕದ ಮಂಚದಲ್ಲಿ ಅದೇ ವಯಸ್ಸಿನ, ಅದೇ ಸೋಂಕಿನ ಇನ್ನೊಬ್ಬರು ಆರಾಮಾಗಿ ಓಡಾಡುತ್ತಿರುತ್ತಾರೆ. ಈ ವ್ಯತ್ಯಾಸಕ್ಕೆ ಹೆಸರು ಬೇಕು.

ಇದನ್ನು ಅಳೆಯುವ ದಾರಿಗಳಲ್ಲಿ ಎರಡು ಹೆಸರಾದವು. 2001ರಲ್ಲಿ ಅಮೆರಿಕದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಸಂಗಡಿಗರು ಐದು ಗುರುತು ಕೊಟ್ಟರು: ತಾನಾಗಿಯೇ ತೂಕ ಇಳಿಯುವುದು, ದಣಿವು, ಸಡಿಲವಾದ ಕೈಹಿಡಿತ, ನಿಧಾನದ ನಡಿಗೆ, ಕಮ್ಮಿಯಾದ ಓಡಾಟ. ಮೂರು ಅಥವಾ ಜಾಸ್ತಿ ಇದ್ದರೆ ‘ಫ್ರೇಲ್’, ಒಂದೆರಡು ಇದ್ದರೆ ‘ಪ್ರೀ-ಫ್ರೇಲ್’. ಇನ್ನೊಂದು ಕೆನಡಾದ ವೈದ್ಯ ಕೆನೆತ್ ರಾಕ್‌ವುಡ್ ತಂಡದ ಅಳತೆಪಟ್ಟಿ. 2005ರಲ್ಲಿ ಅದಕ್ಕೆ 7 ಹಂತ ಇತ್ತು, ಆಮೇಲೆ 9 ಆಯಿತು. ಇದನ್ನು ಬಳಸುವಾಗ ರೋಗಿ ಈಗ ಮಂಚದ ಮೇಲೆ ಹೇಗಿದ್ದಾರೆ ಅಂತ ನೋಡಿ ಅಂಕ ಹಾಕುವಂತಿಲ್ಲ. ಕಾಯಿಲೆ ಬೀಳುವ ಮೊದಲು, ಸುಮಾರು ಎರಡು ವಾರದ ಹಿಂದೆ, ಹೇಗಿದ್ದರು ಅಂತ ಮನೆಯವರನ್ನು ಕೇಳಬೇಕು. ‘ನಿತ್ರಾಣ’ ಎಂಬ ಪದವನ್ನು ನಾನು ಕೈಬಿಟ್ಟಿದ್ದು ಇದಕ್ಕೇ. ‘ನಿತ್ರಾಣ ಇದೆಯಾ?’ ಅಂದರೆ ಯಾರಾದರೂ ಇವತ್ತಿನ ಜ್ವರದ ಸುಸ್ತನ್ನೇ ಹೇಳುತ್ತಾರೆ.

ಇದರಲ್ಲಿ ರೋಗಿಯ ಸುರಕ್ಷತೆಯ ಪ್ರಶ್ನೆಯೂ ಇದೆ. (‘ರೋಗಿಯ ಭದ್ರತೆ’ ಅಂತ ಬರೆಯುವವರೂ ಇದ್ದಾರೆ. ಓದಿದರೆ ಬಾಗಿಲಲ್ಲಿ ಪೊಲೀಸ್ ಕಾವಲು ಇರುವ ಹಾಗೆ ಕೇಳುತ್ತದೆ.) ‘ವೀಕ್‌ನೆಸ್ಸು’ ಅಂದ ಕೂಡಲೇ ಮನೆಯವರು ಏನಂತಾರೆ? ‘ಏಳಿಸಬೇಡಿ ಸಿಸ್ಟರ್, ಸುಮ್ನೆ ಮಲಗಿರಲಿ.’ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಇಂಥವರಿಗೆ ಮಲಗಿರುವುದೇ ಕೇಡು. ಆರೋಗ್ಯವಾಗಿದ್ದ ಹಿರಿಯರನ್ನೇ 10 ದಿನ ಹಾಸಿಗೆಯಲ್ಲಿ ಇರಿಸಿ ನೋಡಿದ 2007ರ ಅಧ್ಯಯನವೊಂದರಲ್ಲಿ ಅವರ ಕಾಲುಗಳ ಮಾಂಸ ಸರಾಸರಿ ಒಂದು ಕಿಲೋ ಹತ್ತಿರ ಕರಗಿತ್ತು. ಮೊದಲೇ ಸೊರಗಿದವರ ಪಾಡು ಕೇಳಬೇಕೇ? ಬೀಳುವ ಅಪಾಯ, ಹಾಸಿಗೆ ಹುಣ್ಣು, ಸನ್ನಿ ಎಲ್ಲವೂ ಅಲ್ಲಿಂದಲೇ ಜಾಸ್ತಿಯಾಗುತ್ತವೆ. ಕೈಹಿಡಿದು ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಹೆಜ್ಜೆ ನಡೆಸಿ ಅಂತ ನರ್ಸ್‌ಗಳು ಹೇಳುವಾಗ, ನಾವು ಕೊಡುವ ಪದ ಅವರಿಗೆ ಅಡ್ಡ ಬರಬಾರದು.

‘ಹಣ್ಣಾಗಿದ್ದಾರೆ’ ಅನ್ನುವುದು ನನಗೆ ತುಂಬಾ ಇಷ್ಟ. ಆದರೆ ಅದು ವಯಸ್ಸಿನ ಮಾತು. ತೊಂಬತ್ತಾದರೂ ಗಟ್ಟಿಯಾಗಿರುವವರು ಇದ್ದಾರೆ, ಅರವತ್ತಕ್ಕೇ ಕುಸಿದವರೂ ಇದ್ದಾರೆ. ‘ನಾಜೂಕು’ ಅಂದರೆ ನಯದ ಮನುಷ್ಯ ಅಂತಾಗುತ್ತದೆ. ‘ಬಡಕಲು’ ಕೂಡ ಆಗದು, ದಪ್ಪಗಿರುವವರಿಗೂ ಫ್ರೇಲ್ಟಿ ಬರಬಹುದು.

ನನ್ನ ಒಲವು ‘ತ್ರಾಣಗುಂದು’ ಕಡೆಗೆ. ಎದೆಗುಂದು, ಕಳೆಗುಂದು ಇರುವ ಹಾಗೆ. ತ್ರಾಣಗುಂದಿದವರು, ತ್ರಾಣಗುಂದಿಕೆ. ‘ಮೈಯಲ್ಲಿ ತ್ರಾಣ ಇಲ್ಲ’ ಅನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತೇ ಅಲ್ವಾ? ತ್ರಾಣ ಅಂದರೆ ಸಂಸ್ಕೃತದಲ್ಲಿ ರಕ್ಷಣೆ ಎಂದು ಯಾರಾದರೂ ತಕರಾರು ತೆಗೆಯಬಹುದು, ‘ಶಿರಸ್ತ್ರಾಣ’ ನೋಡಿ ಅಂತ. ತೆಗೆಯಲಿ, ನನಗೆ ಅನುಕೂಲವೇ. ಇಲ್ಲಿ ಕುಂದಿರುವುದು ಕಾಯುವ ಶಕ್ತಿಯೇ ತಾನೆ. ‘ನಿತ್ರಾಣ’ದ ನೆರಳು ಇದರ ಮೇಲೂ ಬೀಳುತ್ತದೆ ಅನ್ನುವವರಿಗೆ ‘ಕಸುವುಗುಂದಿಕೆ’ ಇದೆ. ನನ್ನ ಕಿವಿಗೆ ಅದು ಸ್ವಲ್ಪ ಒರಟು.

‘ಸನ್ನಿ’ ಬಗ್ಗೆಯೂ ಒಂದು ಮಾತು. ‘ಡಿಲೀರಿಯಂ’ಗೆ, ಅಂದರೆ ಕಾಯಿಲೆಯ ನಡುವೆ ತಟ್ಟನೆ ಬುದ್ಧಿ ಗಲಿಬಿಲಿಗೊಳ್ಳುವುದಕ್ಕೆ, ಅದನ್ನೇ ಉಳಿಸಿಕೊಳ್ಳುವ ಆಸೆ. ಆದರೆ ಸನ್ನಿ ಅಂದರೆ ಜನರ ಮನಸ್ಸಿಗೆ ಬರುವುದು ಬಡಬಡಿಸುವುದು, ಕೂಗಾಡುವುದು. ವಯಸ್ಸಾದವರಲ್ಲಿ ಸದ್ದಿಲ್ಲದ ಬಗೆಯೂ ಇದೆ. ಮಂಕಾಗಿ ಮಲಗಿರುತ್ತಾರೆ, ಕರೆದರೆ ತಡವಾಗಿ ಕಣ್ಣು ಬಿಡುತ್ತಾರೆ. ‘ಪಾಪ, ನಿದ್ದೆ ಮಾಡುತ್ತಿದ್ದಾರೆ’ ಅಂತ ಬಿಟ್ಟುಬಿಡುವುದು ಇಂಥವರನ್ನೇ. ಅದಕ್ಕೆ ‘ಮಂಕುಸನ್ನಿ’ ಅಂದರೆ ಹೇಗೆ?

ಕೊನೆಗೆ ‘ಪ್ರೀ-ಫ್ರೇಲ್’. ವಾಕ್ಯದಲ್ಲಾದರೆ ‘ತ್ರಾಣ ಕುಂದುತ್ತಿರುವವರು’ ಅಂತ ಸಲೀಸಾಗಿ ಬರೆಯಬಹುದು. ಕೋಷ್ಟಕದ ತಲೆಬರಹಕ್ಕೆ ಮಾತ್ರ ಚಿಕ್ಕ ಪದ ಬೇಕು. ‘ಪೂರ್ವ-’ ಅಂಟಿಸದೆ ಏನಾದರೂ ಹೊಳೆದರೆ ತಿಳಿಸಿ.