ವಾರದ ಕಬ್ಬಿಣಾಂಶ ಮಾತ್ರೆ ಉಗುಳುವ ಮಕ್ಕಳು: ಏನು ಮಾಡಬಹುದು?

ಪ್ರಶ್ನೆ: ಪ್ರೌಢಶಾಲೆ, 8ನೇ ತರಗತಿ. ಸೋಮವಾರ ಕೊಡುವ ನೀಲಿ ಮಾತ್ರೆಯನ್ನು ಹೊಟ್ಟೆ ತೊಳಸುತ್ತೆ ಅಂತ ಹಲವು ಹುಡುಗಿಯರು ಬಾಯಲ್ಲೇ ಇಟ್ಟುಕೊಂಡು ಆಮೇಲೆ ಉಗುಳುತ್ತಾರೆ. ಅವರಲ್ಲೇ ಕೆಲವರು ಪಾಠದಲ್ಲಿ ತೂಕಡಿಸುತ್ತಾರೆ, ಓದಿದ ಸಾಲನ್ನೇ ಮತ್ತೆ ಓದುತ್ತಾರೆ. ರಕ್ತಹೀನತೆಗೂ ಓದಿಗೂ ನಿಜವಾಗಿ ಸಂಬಂಧ ಇದೆಯೇ?

ಉತ್ತರ 1: ಇದೆ ಮೇಡಂ. ಕಬ್ಬಿಣಾಂಶ ರಕ್ತಕ್ಕಷ್ಟೇ ಅಲ್ಲ, ಮಿದುಳಿಗೂ ಬೇಕು. ಕೊರತೆಯಾದರೆ ಗಮನ, ನೆನಪು ಎರಡೂ ಸೊರಗುತ್ತವೆ. ಸೋಮಾರಿಗಳು ಅಂತ ಬೈದು ಪ್ರಯೋಜನವಿಲ್ಲ. 12ರಿಂದ 14 ವರ್ಷದವರಿಗೆ 100 ಮಿ.ಲೀ. ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 8ಕ್ಕಿಂತ ಕಡಿಮೆಯಾದರೆ ತೀವ್ರ. ಕಣ್ಣಿನ ಕೆಳರೆಪ್ಪೆ ಬಿಳಿಚಿದೆಯಾ ಎಂದು ನೋಡಿ ನಿರ್ಧರಿಸಬೇಡಿ, ಸೌಮ್ಯ ಕೊರತೆ ಅದರಲ್ಲಿ ಕಾಣುವುದಿಲ್ಲ. ವಾರದ ಮಾತ್ರೆ ಇರುವುದು ತಡೆಗಟ್ಟಲು. ಈಗಾಗಲೇ ರಕ್ತ ಕಡಿಮೆ ಇರುವವರಿಗೆ ವೈದ್ಯರು ಹೇಳಿದಂತೆ ದಿನವೂ, ತಿಂಗಳುಗಟ್ಟಲೆ ಕೊಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ.

ಉತ್ತರ 2: ಹೊಟ್ಟೆ ತೊಳಸಲು ಮುಖ್ಯ ಕಾರಣ ಖಾಲಿ ಹೊಟ್ಟೆ. ಬಿಸಿಯೂಟ ಮುಗಿದ ಮೇಲೆ ಕೊಡಿ. ಊಟ ಬಿಟ್ಟವರಿಗೆ, ಉಪವಾಸ ಇದ್ದವರಿಗೆ ಮರುದಿನ ಕೊಟ್ಟರಾಯಿತು. ಬೆಳಿಗ್ಗೆಯ ಕ್ಷೀರಭಾಗ್ಯದ ಹಾಲಿನ ಜೊತೆ ಬೇಡ. ಹಾಲು, ಚಹಾ ಕಬ್ಬಿಣಾಂಶ ಹೀರಿಕೊಳ್ಳಲು ಬಿಡುವುದಿಲ್ಲ. ಊಟಕ್ಕೆ ನಿಂಬೆರಸ ಹಿಂಡಿದರೆ ಒಳ್ಳೆಯದು. ಮಾತ್ರೆಯನ್ನು ಅಗಿಯದೆ, ತುಂಬಾ ನೀರಿನೊಂದಿಗೆ ನಿಮ್ಮೆದುರೇ ನುಂಗಿಸಿ. ಜಂತುಹುಳುವಿನ ಆಲ್ಬೆಂಡಜೋಲ್ 400 ಮಿ.ಗ್ರಾಂ ಮಾತ್ರೆ ಇದಕ್ಕೆ ತದ್ವಿರುದ್ಧ, ಅದನ್ನು ಅಗಿದೇ ತಿನ್ನಬೇಕು. ಅದನ್ನೂ ತಪ್ಪಿಸಬೇಡಿ: ಬರಿಗಾಲಲ್ಲಿ ಓಡಾಡುವಾಗ ಹತ್ತುವ ಕೊಕ್ಕೆಹುಳು ಕರುಳಿನಲ್ಲಿ ಕುಳಿತು ರಕ್ತ ಹೀರುತ್ತಿದ್ದರೆ ಕಬ್ಬಿಣಾಂಶ ಎಷ್ಟು ಕೊಟ್ಟರೂ ಸೋರುವ ಕೊಡಕ್ಕೆ ನೀರು ಹೊಯ್ದಂತೆ. ಮಲ ಕಪ್ಪಾಗುತ್ತದೆ, ಭಯ ಬೇಡ ಎಂದು ಮೊದಲೇ ಹೇಳಿಡಿ. ಹೇಳದಿದ್ದರೆ ಮನೆಯವರೇ ಹೆದರಿ ನಿಲ್ಲಿಸಿಬಿಡುತ್ತಾರೆ.

ಉತ್ತರ 3: ಅದೇ ಸಾಲನ್ನು ಮತ್ತೆ ಓದುವವರ ಕಣ್ಣನ್ನೂ ನೋಡಿಸಿ. 6 ಮೀಟರ್ ದೂರದಲ್ಲಿ ಚಾರ್ಟ್ ಕಟ್ಟಿ ಒಂದೊಂದೇ ಕಣ್ಣು ಪರೀಕ್ಷಿಸಿ. ಇನ್ನೊಂದು ಕಣ್ಣನ್ನು ಅಂಗೈಯಿಂದ ಮುಚ್ಚಲಿ, ಬೆರಳಾದರೆ ಸಂದಿಯಲ್ಲಿ ಇಣುಕುತ್ತಾರೆ. 6/9 ಸಾಲು (ಸಾಮಾನ್ಯ ದೃಷ್ಟಿಯವರು 9 ಮೀಟರ್ ದೂರದಿಂದಲೂ ಓದುವ ಸಾಲು) ಓದಲಾಗದವರನ್ನು ಕಣ್ಣಿನ ತಪಾಸಣೆಗೆ ಕಳಿಸಿ. ಹತ್ತಿರದ್ದು ಸರಿಯಾಗಿ ಕಾಣದ ದೋಷ ಈ ಚಾರ್ಟಿನಲ್ಲಿ ಸಿಕ್ಕಿಬೀಳದೇ ಹೋಗಬಹುದು. ಚಾರ್ಟ್ ಸರಿಯಾಗಿ ಓದಿಯೂ ಪುಸ್ತಕ ಹಿಡಿದರೆ ತಲೆನೋವು ಎನ್ನುವವರನ್ನೂ ಕಳಿಸಿ.

ಪ್ರಶ್ನೆ ಕೇಳಿದವರು: ಒಂದು ವಾರ ಗೈರಾದವರಿಗೆ ಮುಂದಿನ ಸೋಮವಾರ ಎರಡು ಕೊಡಬಹುದಾ?

ಉತ್ತರ 2: ಬೇಡ, ಹೊಟ್ಟೆ ಮತ್ತಷ್ಟು ಕೆಡುತ್ತದೆ. ಅದೇ ವಾರ ಶಾಲೆಗೆ ಬಂದ ದಿನ ಊಟದ ನಂತರ ಒಂದು ಕೊಡಿ. ವಾರವೇ ತಪ್ಪಿದರೆ ಮುಂದಿನ ವಾರದ ಒಂದೇ ಸಾಕು.