ಸಹಾಯ ಬೇಕು: ಸ್ಪೀಡ್ ಸರಿ ಮಾಡಿರೋ ಜಾಝ್ ಎಲ್‌ಪಿ ಗುರುತಿಸೋದು ಹೇಗೆ?

ಎಲ್ರಿಗೂ ನಮಸ್ಕಾರ, ಜಾಝ್ ರೆಕಾರ್ಡ್ಸ್ ಕಲೆಕ್ಟ್ ಮಾಡೋರು ಯಾರಾದ್ರೂ ಇದ್ರೆ ಪ್ಲೀಸ್ ಹೆಲ್ಪ್ ಮಾಡಿ. ಮೈಲ್ಸ್ ಡೇವಿಸ್‌ದು 1959ರ 'ಕೈಂಡ್ ಆಫ್ ಬ್ಲೂ' ಎಲ್‌ಪಿ ತಗೋಬೇಕು ಅಂತಿದೀನಿ. ಅದರ ಮೊದಲ ರೆಕಾರ್ಡಿಂಗ್ ಸೆಷನ್ನಲ್ಲಿ ಟೇಪ್ ಮಷಿನ್ ಸ್ವಲ್ಪ ನಿಧಾನ ಓಡ್ತಿತ್ತಲ್ಲ, ಆ ಟೇಪನ್ನ ಮಾಮೂಲಿ ಸ್ಪೀಡಲ್ಲಿ ಓಡ್ಸಿದ್ರೆ ಫಾಸ್ಟಾಗುತ್ತೆ, ಅದಕ್ಕೇ ಹಳೇ ಪ್ರೆಸ್ಸಿಂಗ್‌ಗಳಲ್ಲಿ (ಆಗ ಅಚ್ಚು ಹಾಕಿದ ಕಾಪಿಗಳಲ್ಲಿ) ಮೊದಲ ಸೈಡಿನ ಮೂರೂ ಟ್ರ್ಯಾಕ್ ಒಂಚೂರು ಫಾಸ್ಟಾಗಿ, ಶ್ರುತಿ ಏರಿಸ್ಕೊಂಡು ಕೇಳ್ಸುತ್ತೆ, ಸರಿ ಮಾಡಿದ್ದು 1990ರ ದಶಕದಲ್ಲಿ. ನಾನು ರೆಕಾರ್ಡ್ ಜೊತೆಗೇ ಪಿಯಾನೋ ನುಡಿಸ್ತೀನಿ, ಶ್ರುತಿ ಕೂಡ್ಲಿಲ್ಲ ಅಂದ್ರೆ ಆಗೋದೇ ಇಲ್ಲ, ಹಾಗಾಗಿ ಸರಿ ಮಾಡಿರೋದೇ ಬೇಕು.

ಸೆಕೆಂಡ್ ಹ್ಯಾಂಡ್ ಕಾಪಿಗಳಲ್ಲಿ ಇದನ್ನ ಕವರ್ ನೋಡಿ ಹೇಳ್ಬಹುದಾ, ಇಲ್ಲಾ ಲೇಬಲ್ ಪಕ್ಕ ಕೊರೆದಿರೋ ನಂಬರ್ ನೋಡ್ಲೇಬೇಕಾ? ಇನ್ನೊಂದು, ವಾಲ್ಯೂಮ್ ಏರಿಸೋಕೆ ಅಂತ ಕಂಪ್ರೆಸ್ ಮಾಡಿರೋ (ಜೋರು ಸದ್ದಿಗೂ ಮೆಲ್ಲನೆ ಸದ್ದಿಗೂ ಇರೋ ವ್ಯತ್ಯಾಸ ಕಮ್ಮಿ ಮಾಡಿರೋ) ರೀಮಾಸ್ಟರ್ ಖಂಡಿತ ಬೇಡ, ಡ್ರಮ್ಮರ್ ಜಿಮ್ಮಿ ಕಾಬ್ ಸಿಂಬಲ್ ಹೊಡೆದ್ಮೇಲೆ ಆ ನಾದ ನಿಧಾನಕ್ಕೆ ಕರಗೋದಿದ್ಯಲ್ಲ, ಅದು ಪೂರ್ತಿ ಕೇಳ್ಬೇಕು, ಟೇಪ್ ಹಿಸ್ (ಟೇಪಿನ ಸುಯ್ ಅನ್ನೋ ಸದ್ದು) ಇದ್ರೂ ಪರ್ವಾಗಿಲ್ಲ, ಹಿಸ್ ತೆಗೆಯೋಕೆ ಹೋದ್ರೆ ಆ ನಾದಾನೂ ಹೋಗುತ್ತೆ. ಮೋನೋ, ಸ್ಟೀರಿಯೋ ಎರಡೂ ಕೇಳಿರೋರು ಬೇಸ್ ಯಾವುದ್ರಲ್ಲಿ ಚೆನ್ನಾಗಿದೆ ಅಂತಾನೂ ಹೇಳಿ. ನಿಮ್ಮತ್ರ ಇರೋ ಕಾಪಿಯ ಲೇಬಲ್ ಫೋಟೋ ಹಾಕಿದ್ರೆ ತುಂಬಾ ಉಪಕಾರ ಆಗುತ್ತೆ.