ಅಪ್‌ಡೇಟ್: ಟೊಮೆಟೊ ಮಂಡಿಯ ಕಥೆ ಮುಗಿಯಿತು

ಕೋಲಾರದ ಎಪಿಎಂಸಿ ಟೊಮೆಟೊ ಮಂಡಿ ಬಗ್ಗೆ ಕಥೆ ಬರೀಬೇಕು, ಆದರೆ ಅರ್ಧಕ್ಕೇ ನಿಲ್ಲುತ್ತಿದೆ, ಮುಂದೆ ಹೇಗೆ ಅಂತ ಕೇಳಿದ್ದೆ. ಕಥೆ ಮುಗಿದಿದೆ! ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಜಾಸ್ತಿ ಕೆಲಸಕ್ಕೆ ಬಂದದ್ದು "ಅಲ್ಲಿ ಯಾರಿಗೆ ಏನು ಬೇಕು ಅಂತ ಮೊದಲು ನೋಡಿ" ಅನ್ನೋ ಮಾತು. ನನ್ನ ಹತ್ತಿರ ಇದ್ದದ್ದು ಬರೀ ಜಾಗ. ಹರಾಜಿನ ಕೂಗು, 15 ಕೆಜಿ ಬಾಕ್ಸ್‌ಗಳ ಸಾಲು, ಅಷ್ಟೇ. ಈಗ ಅಲ್ಲಿ ಒಬ್ಬ ರೈತ ಹೆಂಗಸು ನಿಂತಿದ್ದಾಳೆ. ಮಗಳ ಕಾಲೇಜು ಫೀಸಿಗೆ ಇವತ್ತಿನ ರೇಟೇ ಗತಿ. ಇಷ್ಟು ಸಿಕ್ಕಮೇಲೆ ಕೊನೆಯ ದೃಶ್ಯವನ್ನೇ ಮೊದಲು ಬರೆದೆ. ಅಲ್ಲಿಗೆ ಮುಟ್ಟಬೇಕು ಅಂತ ಗೊತ್ತಿದ್ದರೆ ನಡುವೆ ದಾರಿ ತಪ್ಪಲ್ಲ.

ಮೊದಲ ಕರಡನ್ನು ಎಲ್ಲೂ ತಿದ್ದದೆ ಬರೆದು, ಕೆಲವು ದಿನ ಸುಮ್ನೆ ಎತ್ತಿಟ್ಟೆ. ಆಮೇಲೆ ಮಂಡಿಯ ವರ್ಣನೆಯಿದ್ದ ಮೊದಲ ಪುಟವನ್ನು ಪೂರ್ತಿ ತೆಗೆದೆ. ಈಗ ಕಥೆ ಶುರುವಾಗುವುದೇ "ಎಷ್ಟಕ್ಕೆ ಹೋಯ್ತಣ್ಣಾ?" ಅನ್ನುವ ಪ್ರಶ್ನೆಯಿಂದ. ನನಗೆ ಇದು ತುಂಬಾ ಇಷ್ಟ.

ಟೊಮೆಟೊ ಬೆಳೆಯುವ ನಮ್ಮ ಮಾವನಿಗೆ ಓದಿ ಹೇಳಿದೆ. "ರೇಟೇನೋ ಬರೆದಿದ್ದೀಯ, ಗಾಡಿ ಬಾಡಿಗೆ ಎಲ್ಲಪ್ಪಾ?" ಅಂದರು. ಹೌದಲ್ವಾ! ಬಾಡಿಗೆ, ಕೂಲಿ ಕಳೆದು ಅವಳು ದುಡ್ಡು ಎಣಿಸುವ ಹೊಸ ದೃಶ್ಯ ಹಾಗೆ ಹುಟ್ಟಿತು. ಇನ್ನು ಕಾಗುಣಿತ ನೋಡಿ ಪತ್ರಿಕೆಗೆ ಕಳಿಸುತ್ತೇನೆ.